ಮೂರನೇ ಕ್ಲಾಸಿನೊಳಗೆ ಮಗು ಓದಲು ಕಲಿಯಬೇಕು: ಮನೆಯಲ್ಲಿ ಉಮ್ಮ, ಉಪ್ಪ ಏನು ಮಾಡಬಹುದು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕನ್ನಡ ಮಾಧ್ಯಮ ಎಲ್‌ಪಿ ಶಾಲೆಗಳಲ್ಲಿ ಪಿಟಿಎ ಸಭೆ ನಡೆದರೆ ಒಂದು ದೂರು ಬಂದೇ ಬರುತ್ತದೆ. "ಟೀಚರೇ, ಎರಡನೇ ಕ್ಲಾಸಿಗೆ ಬಂದ. ಇನ್ನೂ ಅ, ಆ, ಇ, ಈ ಸಾಲಾಗಿ ಹೇಳಲು ಬರುವುದಿಲ್ಲ. ನಮ್ಮ ಕಾಲದಲ್ಲಿ ಹೀಗಿತ್ತಾ?"

ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ನಿಜ. ನಾವು ಮೊದಲು ವರ್ಣಮಾಲೆ ಬಾಯಿಪಾಠ ಮಾಡಿ, ಮತ್ತೆ ಕಾಗುಣಿತ, ಮತ್ತೆ ಒತ್ತಕ್ಷರ, ಕೊನೆಗೆ ಪದಕ್ಕೆ ಬರುತ್ತಿದ್ದೆವು. ಈಗ ಕೇರಳದ ಪಾಠಪುಸ್ತಕಗಳು ಹಾಡು, ಕಥೆ, ಚಿತ್ರದಿಂದ ಶುರುವಾಗಿ ಪದಕ್ಕೆ, ಪದದಿಂದ ಅಕ್ಷರಕ್ಕೆ ಹೋಗುತ್ತವೆ. ಗಡಿಯಾಚೆ ಮಂಗಳೂರಿನ ಸರಕಾರಿ ಶಾಲೆಗಳ ನಲಿಕಲಿಯಲ್ಲೂ ಕಲಿಕೆ ಅ, ಆ ದಿಂದ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ, ಏಕೆಂದರೆ ಆ ನಾಲ್ಕೈದು ಅಕ್ಷರ ಸಿಕ್ಕಿದ ಕೂಡಲೇ ಮಗು ಅರಸ, ಸರ, ದರ ಎಂದು ಪದ ಓದಬಹುದು. ಹಾಗಾಗಿ ವರ್ಣಮಾಲೆ ಸಾಲಾಗಿ ಹೇಳುತ್ತಾನಾ ಎಂದು ಪರೀಕ್ಷೆ ಮಾಡಿ ಬೈಯುವುದರಲ್ಲಿ ಅರ್ಥವಿಲ್ಲ. ನೋಡಬೇಕಾದ್ದು ಬೇರೆ: ಮೊದಲು ಕಂಡಿರದ ಒಂದು ಸಣ್ಣ ವಾಕ್ಯವನ್ನು ಓದಿ, ಅದರಲ್ಲಿ ಏನಿದೆ ಎಂದು ಹೇಳುತ್ತಾನಾ?

2021ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಗಳು ಈ ವಿಷಯದಲ್ಲಿ ಒಂದು ಅಂದಾಜು ಕೊಡುತ್ತವೆ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು, 99ರವರೆಗಿನ ಸಂಖ್ಯೆ ಗೊತ್ತಿರಬೇಕು. ಎರಡನೆಯದರಲ್ಲಿ 999, ಮೂರನೆಯದರಲ್ಲಿ 9999ರವರೆಗೆ, ಜೊತೆಗೆ ಸರಳ ಗುಣಾಕಾರ. ಮೂರನೆಯದಕ್ಕೆ ನಿಮಿಷಕ್ಕೆ 60 ಪದ ಓದಬೇಕೆಂದೂ ಇದೆ. ಕನ್ನಡದಲ್ಲಿ 'ಬರುತ್ತಿದ್ದಾರಂತೆ' ಎಂಬುದೂ ಒಂದೇ ಪದ, ಆದ್ದರಿಂದ ಗಡಿಯಾರ ಹಿಡಿದು ಕೂರಬೇಡಿ. ಅರ್ಥ ಮಾಡಿಕೊಂಡು ತಡವರಿಸದೆ ಓದಿದರೆ ಸಾಕು.

ಮೂರನೇ ಕ್ಲಾಸ್ ಯಾಕೆ ಮುಖ್ಯ? ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ, ಮತ್ತೆ ಓದಿ ಕಲಿಯಬೇಕಾಗುತ್ತದೆ. ಲೆಕ್ಕವೂ ವಾಕ್ಯದಲ್ಲಿ ಬರುತ್ತದೆ, ವಿಜ್ಞಾನವೂ ಪುಟಗಟ್ಟಲೆ ಇರುತ್ತದೆ. ಓದಲು ಬಾರದ ಮಗು ಗಲಾಟೆ ಮಾಡುವುದಿಲ್ಲ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತದೆ. ಮೊದಲೆಲ್ಲ ಇದು ಹತ್ತನೇ ಕ್ಲಾಸಿನವರೆಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಕೇರಳದಲ್ಲಿ 2024-25ರಿಂದ ಎಂಟನೇ ತರಗತಿಯಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಕನಿಷ್ಠ 30 ಶೇಕಡಾ ಅಂಕ ಬೇಕು ಎಂಬ ನಿಯಮ ಬಂದಿದೆ. ಅಲ್ಲಿ ಎಡವುವ ಹೆಚ್ಚಿನ ಮಕ್ಕಳು ಎಡವಿದ್ದು ಎಂಟರಲ್ಲಿ ಅಲ್ಲ, ಎರಡು ಮೂರರಲ್ಲಿ.

ಇನ್ನು ನಮ್ಮ ಮನೆಯ ವಿಷಯ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಮೊಬೈಲಿನಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ, ಬ್ಯಾರಿ ಮಾತಾಡುವುದು ನಿಲ್ಲಿಸಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಥೆ ಹೇಳುವುದು, ಯಾಕೆ ಎಂದು ಕೇಳುವುದು, ಕಾರಣ ಕೊಡುವುದು, ಇದೆಲ್ಲ ಮಗುವಿಗೆ ಮೊದಲು ಬರುವುದು ಮನೆಮಾತಿನಲ್ಲೇ. ಉಮ್ಮ ಅರ್ಧಂಬರ್ಧ ಕನ್ನಡದಲ್ಲಿ ಎರಡು ಮಾತಾಡುವುದಕ್ಕಿಂತ ಬ್ಯಾರಿಯಲ್ಲಿ ಇಪ್ಪತ್ತು ಮಾತಾಡಿದರೆ ಕನ್ನಡ ಕಲಿಯಲೂ ಅದೇ ಸಹಾಯ.

ಒಂದು ತೊಡಕು ಮಾತ್ರ ಇದೆ, ಅದನ್ನು ತಿಳಿದಿರಬೇಕು. ಬ್ಯಾರಿ ಮಾತಿನಲ್ಲಿ ಳ ಮತ್ತು ಲ, ಣ ಮತ್ತು ನ ಬೇರೆ ಬೇರೆಯಾಗಿ ಉಳಿದಿಲ್ಲ. ಆದ್ದರಿಂದ ನಮ್ಮ ಮಗು 'ಹಳ್ಳಿ' ಬರೆಯಲು ಹೋಗಿ 'ಹಲ್ಲಿ' ಬರೆಯುತ್ತದೆ, 'ಮಣೆ' ಹೋಗಿ 'ಮನೆ' ಆಗುತ್ತದೆ. ಇದು ದಡ್ಡತನವಲ್ಲ, ಉದಾಸೀನವೂ ಅಲ್ಲ. ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತದೆ. ಕೆಂಪು ಗೆರೆ ಹಾಕಿ ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಅಷ್ಟೇ. ಇದೇ ಮಗುವಿಗೆ ಮದ್ರಸದಲ್ಲಿ ಉಸ್ತಾದ್ ಸೀನ್ ಮತ್ತು ಸ್ವಾದ್ ಬೇರೆ ಎಂದು ಕಲಿಸಿದ್ದು ಹೇಗೆ? ನಾಲಗೆ ಹೇಗಿಡಬೇಕೆಂದು ತೋರಿಸಿ, ಹೇಳಿಸಿ, ಕೇಳಿಸಿ. ಮಖ್ರಜ್ ಕಲಿತ ನಾಲಗೆಗೆ ಳ ಏನು ಮಹಾ ಕಷ್ಟ? ನಾಲಗೆ ಹಿಂದಕ್ಕೆ ಮಡಚಿ 'ಹಳ್ಳಿ', ಹಲ್ಲಿನ ಹಿಂದೆ ತಾಗಿಸಿ 'ಹಲ್ಲಿ', ಆಟದ ಹಾಗೆ ಎರಡು ನಿಮಿಷ ಹೇಳಿಸಿ. ಬರೆಯುವುದು ಮತ್ತೆ.

"ನನಗೆ ಕನ್ನಡ ಓದಲು ಬರುವುದಿಲ್ಲ, ನಾನು ಮಲಯಾಳಂ ಮೀಡಿಯಂ" ಎನ್ನುವ ಉಮ್ಮಂದಿರು ಹಲವರಿದ್ದಾರೆ. ಅಡ್ಡಿಯಿಲ್ಲ. ರಾತ್ರಿ ಮಗು ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ನೀವು ಕೇಳಿ. ಮುಗಿದ ಮೇಲೆ ಬ್ಯಾರಿಯಲ್ಲಿ ಕಥೆ ಹೇಳಿಸಿ, ಮತ್ತೇನಾಯಿತು ಎಂದು ಕೇಳಿ. ಓದಿದ್ದು ಅರ್ಥವಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಉಪ್ಪ ವಿಡಿಯೋ ಕಾಲ್ ಮಾಡಿದಾಗ "ಚೆನ್ನಾಗಿ ಓದ್ತೀಯಾ?" ಎಂದು ಕೇಳಿ ಮುಗಿಸುವ ಬದಲು "ಇವತ್ತಿನ ಪಾಠ ಒಂದು ಪುಟ ಓದಿ ಹೇಳು" ಎನ್ನಲಿ. ಉಪ್ಪ ಕೇಳುತ್ತಾರೆ ಅಂದರೆ ಮಗು ಮೊದಲೇ ಎರಡು ಸಲ ಓದಿ ತಯಾರಾಗುತ್ತದೆ.

ಲೆಕ್ಕಕ್ಕೆ ಅಂಗಡಿ ಇದೆ. ಬೂತಾಯಿ ತರಲು 200 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕೆಂದು ಹೋಗುವ ಮೊದಲೇ ಕೇಳಿ. ಈಗ ಎಲ್ಲ ಕಡೆ ಗೂಗಲ್ ಪೇ ಆಗಿ ಮಕ್ಕಳ ಕೈಗೆ ನೋಟು ಸಿಗುವುದೇ ಕಡಿಮೆ. ವಾರಕ್ಕೊಮ್ಮೆಯಾದರೂ ಕೊಡಿ.

ಟ್ಯೂಶನ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸುಬಹಿ ಆದ ಕೂಡಲೇ ಎದ್ದು ಮದ್ರಸಕ್ಕೆ ಹೋಗಿ, ಅಲ್ಲಿಂದ ಶಾಲೆಗೆ ಓಡಿ, ಸಂಜೆ ನಾಲ್ಕಕ್ಕೆ ಬರುವ ಏಳು ವರ್ಷದ ಮಗುವನ್ನು ಮತ್ತೆ ಒಂದು ಗಂಟೆ ಕೂರಿಸುವುದು ಅನ್ಯಾಯ. ಹೆಚ್ಚಿನ ಕಡೆ ಅಲ್ಲಿ ನಡೆಯುವುದು ಹೋಂವರ್ಕ್ ನಕಲು ಮಾಡುವುದು. ಪುಸ್ತಕ ತುಂಬುತ್ತದೆ, ಮಗುವಿಗೆ ಓದಲು ಬರುವುದಿಲ್ಲ. ಆ ಹೊತ್ತು ಆಡಲಿ, ಒಂಬತ್ತಕ್ಕೆ ಮಲಗಲಿ. ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆಗೂ ಓದುವ ಅಭ್ಯಾಸ ಇರುವ ಮಗುವಿಗೆ ಗೈಡು ಅಷ್ಟಾಗಿ ಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಎರಡನೇ ಕ್ಲಾಸಿನ ಅರ್ಧದಲ್ಲಿ ಮಗು ಅಕ್ಷರ ಗುರುತಿಸಲು ತಡವರಿಸಿದರೆ ಮೊದಲು ಕಣ್ಣು, ಕಿವಿ ತೋರಿಸಿ. ಬೋರ್ಡ್ ಕಾಣದ ಮಗುವಿಗೆ ಬೋರ್ಡ್ ಕಾಣುವುದಿಲ್ಲ ಎಂದು ಹೇಳಲೂ ಗೊತ್ತಿರುವುದಿಲ್ಲ. ಅದರಲ್ಲಿ ತೊಂದರೆ ಇಲ್ಲವೆಂದಾದರೆ ಕ್ಲಾಸ್ ಟೀಚರ್ ಹತ್ತಿರ ಹೇಳಿ ಬಿಆರ್‌ಸಿಯನ್ನು ಸಂಪರ್ಕಿಸಿ. ಸಮಗ್ರ ಶಿಕ್ಷಾ ಯೋಜನೆಯಡಿ ಅಲ್ಲಿ ವಿಶೇಷ ಶಿಕ್ಷಕರಿರುತ್ತಾರೆ, ಹಣ ಕೊಡಬೇಕಾಗಿಲ್ಲ. ಊರವರು ಏನೆನ್ನುತ್ತಾರೋ ಎಂದು ಒಂದು ವರ್ಷ ಕಾಯಬೇಡಿ.