ಚೈತ್ರದಲ್ಲಿ ಮಾಗೋಡು: ಬಯಲಿನಿಂದ ಬಂದ ಜಲಪಾತ

"ಬರೇ ಕಲ್ಲು ನೋಡಾಕ ಹೊಂಟಿ ಏನ್ ತಮ್ಮಾ?"

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಿಂದ ಹೊರಟು ಯಲ್ಲಾಪುರದ ಬಸ್ಸು ಹಿಡಿದಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆಯಿದು. ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಮಾಗೋಡು ಜಲಪಾತಕ್ಕೆ ಜನ ಹೋಗುವುದು ಮಳೆಗಾಲ ಮುಗಿದ ಮೇಲೆ. ಚೈತ್ರದಲ್ಲಿ, ಅದೂ ಒಬ್ಬನೇ ಹೋಗುವವನನ್ನು ಕಂಡು ಅವರಿಗೆ ನಗು ಬಂದದ್ದು ಸಹಜ.

ಮುಂಡಗೋಡ ಬಯಲುಸೀಮೆ ಮತ್ತು ಮಲೆನಾಡಿನ ನಡುವಣ ಹೊಸ್ತಿಲು. ಆಗ ಇಲ್ಲಿಯ ಸಾಗುವಾನಿ ಮರಗಳು ಎಲೆ ಉದುರಿಸಿ ನಿಂತಿದ್ದವು. ಹಳ್ಳಗಳಲ್ಲಿ ಉಸುಕು ಮಾತ್ರ ಉಳಿದಿತ್ತು. ಯಲ್ಲಾಪುರ ದಾಟಿ ಕೊನೆಯ ದಾರಿಯನ್ನು ನಡೆದು ಸಾಗಿದಂತೆ ಕಾಡು ಹಸುರಾಯಿತು, ನೆಲದಲ್ಲಿ ತಂಪು ಹತ್ತಿತು. ಕಣಿವೆಯ ಅಂಚಿಗೆ ಬಂದಾಗ ಬೃಹತ್ ಬಂಡೆಯ ಮೇಲೆ ತೆಳ್ಳಗೆ, ಆದರೆ ಎಡೆಬಿಡದೆ ಇಳಿಯುತ್ತಿದ್ದ ನೀರು ಕಂಡಿತು.

ಇದು ಬೇಡ್ತಿ ನದಿ. ಇದರ ಹುಟ್ಟು ಮಲೆನಾಡಿನ ಒಳಗಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳ ಇವೆರಡೂ ಕಲಘಟಗಿಯ ಬಳಿ ಕೂಡುತ್ತವೆ. ಆ ಭಾಗದ ಹೆಚ್ಚಿನ ಹೊಳೆಗಳು ಪೂರ್ವಕ್ಕೆ ಹರಿದರೆ ಬೇಡ್ತಿ ಪಶ್ಚಿಮಕ್ಕೆ ತಿರುಗಿ, ಗಂಗಾವಳಿ ಎನಿಸಿಕೊಂಡು ಅಂಕೋಲಾ ತಾಲ್ಲೂಕಿನ ಮಂಜಗುಣಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಧಾರವಾಡ ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ. ಸುಮಾರು 150 ಕಿ.ಮೀ. ಹಾದಿಯಲ್ಲಿ ನದಿ ಇಳಿಯಬೇಕಾದ ಈ ಎತ್ತರದ ಪೈಕಿ 200 ಮೀಟರಿನಷ್ಟನ್ನು ಮಾಗೋಡಿನ ಎರಡು ಹಂತದ ಜಿಗಿತವೇ ಮುಗಿಸುತ್ತದೆ.

ಆರು ತಿಂಗಳು ಮಳೆಯಿಲ್ಲದೆಯೂ ಈ ನೀರು ಎಲ್ಲಿಂದ? ಕಾಡಿನ ನೆಲ ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಒರತೆಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಬಯಲಿನಲ್ಲಿ ಸೊರಗಿದ ಹೊಳೆಯನ್ನು ಕಾಡು ಸಾಕುತ್ತದೆ.

ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಹಿಂದೊಮ್ಮೆ ಬಂದಿತ್ತು. ರೈತರು ವಿರೋಧಿಸಿದರು, 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿ, ವಿಜ್ಞಾನಿಗಳನ್ನು ಕೂರಿಸಿಕೊಂಡು ಲಾಭ ನಷ್ಟದ ಲೆಕ್ಕ ಹಾಕಿದರು. ಕೊನೆಗೆ ಯೋಜನೆ ನಿಂತಿತು. 2011ರಲ್ಲಿ ಈ ಕಣಿವೆಯ ಒಂದು ಭಾಗ ಬೇಡ್ತಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಈಗ ಚರ್ಚೆಯಲ್ಲಿರುವುದು ಬೇಡ್ತಿ-ವರದಾ ಜೋಡಣೆ: ಬೇಡ್ತಿಯ ಉಪನದಿಗಳ ನೀರನ್ನು ವರದೆಗೆ ತಿರುಗಿಸಿ ಬಯಲುಸೀಮೆಗೆ ಒಯ್ಯುವ ಪ್ರಸ್ತಾಪ.

ಹೊಸ್ತಿಲ ಊರಿನವರಿಗೆ ಎರಡೂ ಕಡೆಯ ಮಾತು ಕೇಳಿಸುತ್ತದೆ. ಬಯಲಿನ ದಾಹ ಸುಳ್ಳಲ್ಲ. ಆದರೆ "ವ್ಯರ್ಥವಾಗಿ ಕಡಲಿಗೆ ಹೋಗುವ ನೀರು" ಎನ್ನುವವರು ಆಷಾಢದ ಹೊಳೆಯನ್ನು ನೆನೆದು ಆಡುವ ಮಾತದು. ಅಳಿವೆಯ ಮೀನುಗಾರರಿಗೂ, ಉಪ್ಪುನೀರು ನುಗ್ಗದಂತೆ ಗದ್ದೆ ಬಾವಿ ಕಾಯುವವರಿಗೂ ಬೇಸಿಗೆಯ ಸಿಹಿನೀರಿನ ಹರಿವು ಬೇಕೇ ಬೇಕು. ನದಿಯಲ್ಲಿ ಹೆಚ್ಚುವರಿ ನೀರು ಎಷ್ಟಿದೆ ಎಂದು ಅಳೆಯುವವರು ಚೈತ್ರದಲ್ಲೂ ಒಮ್ಮೆ ಈ ಅಂಚಿನಲ್ಲಿ ನಿಲ್ಲಬೇಕು.

ಬಸ್ಸಿನ ಹಿರಿಯರು ಮತ್ತೆ ಸಿಕ್ಕರೆ ಹೇಳಬಹುದು: ಕಲ್ಲನ್ನೂ ನೋಡಿದೆ, ಅದರ ಮೇಲೆ ಉಳಿದ ನೀರನ್ನೂ ನೋಡಿದೆ.