ತಂತಿಗೆ ಜೀವ ಬಂದ ಮೇಲೆ

ರೈಲುಹಾದಿಯ ಮೇಲೆ ತಂತಿ ಎಳೆಯುವ ಕೆಲಸ ಎಲ್ಲರ ಕಣ್ಣೆದುರು ನಡೆಯುತ್ತದೆ. ಕಂಬ ನೆಡುವುದನ್ನೂ ತಂತಿಯ ಸುರುಳಿ ಬಿಚ್ಚುವುದನ್ನೂ ನಾವು ನಿಂತು ನೋಡುತ್ತೇವೆ. ಆದರೆ ಆ ತಂತಿಗೆ ವಿದ್ಯುತ್ತು ಹರಿಯುವ ಗಳಿಗೆ ಯಾರಿಗೂ ಕಾಣಿಸುವುದಿಲ್ಲ. ದೀಪ ಹತ್ತುವುದಿಲ್ಲ, ಸದ್ದಾಗುವುದಿಲ್ಲ. ತಂತಿ ನಿನ್ನೆ ಇದ್ದಂತೆಯೇ ಇಂದೂ ಇರುತ್ತದೆ. ಅಪಾಯವಿರುವುದು ಅಲ್ಲಿಯೇ.

ನಮ್ಮೂರುಗಳನ್ನು ಹಾದು ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ. ಅದರ ಮುಂದೆ ಕೊಂಕಣ ರೈಲ್ವೆ ಹೊಸ ಹಾದಿಯೇ ಸರಿ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು ಉದ್ದದ ಆ ಹಾದಿ ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು. ಅಲ್ಲಿ ಬಹುಕಾಲ ಡೀಸೆಲ್ ಇಂಜಿನುಗಳದೇ ಓಡಾಟ. ಶೋರನೂರು–ಮಂಗಳೂರು ಹಾದಿಯ ವಿದ್ಯುದೀಕರಣ ಅದಕ್ಕೂ ಮೊದಲೇ ಮುಗಿಯಿತು. ಆಗ ಕಾಸರಗೋಡಿನಿಂದ ಮುಂಬಯಿಗೆ ಹೊರಟ ಗಾಡಿಗಳು ಮಂಗಳೂರಿನಲ್ಲಿ ನಿಂತು, ವಿದ್ಯುತ್ ಇಂಜಿನು ಕಳಚಿ ಡೀಸೆಲ್ ಇಂಜಿನು ಜೋಡಿಸಿಕೊಳ್ಳಬೇಕಾಗಿತ್ತು.

ಕೊಂಕಣದ ವಿದ್ಯುದೀಕರಣಕ್ಕೆ 2015ರಲ್ಲಿ ಶಂಕುಸ್ಥಾಪನೆಯಾಯಿತು. ಮಳೆಗಾಲದ ಕುಸಿತ, ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಅವುಗಳಲ್ಲಿ ರತ್ನಾಗಿರಿ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು. ಬಂಡೆ ಕೊರೆದ ಸುರಂಗದ ಮೇಲ್ಛಾವಣಿಗೆ ತಂತಿಯನ್ನು ತೂಗುಹಾಕಬೇಕಾಯಿತು. 2022ರ ಜೂನ್ 20ರಂದು ಪ್ರಧಾನಿಯವರು ಅದನ್ನು ದೇಶಕ್ಕೆ ಸಮರ್ಪಿಸಿದರು. ತಗಲಿದ ವೆಚ್ಚ ಸುಮಾರು 1,287 ಕೋಟಿ ರೂಪಾಯಿ.

ಇಂತಹ ಹಾದಿಗೆ ವಿದ್ಯುತ್ತು ಹರಿಸುವುದು ಒಂದು ಗುಂಡಿ ಒತ್ತಿ ಮುಗಿಸುವ ಕೆಲಸವಲ್ಲ. ದೂರದಿಂದ ಬರುವ ಇನ್ನೂ ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಹಾದಿಯ ಬದಿಯ ಉಪಕೇಂದ್ರಗಳಲ್ಲಿ 25,000 ವೋಲ್ಟಿಗೆ ಇಳಿಸುತ್ತಾರೆ. ಪ್ರತಿಯೊಂದು ಭಾಗವನ್ನೂ ಪರೀಕ್ಷಿಸುತ್ತಾರೆ. ಕೆಲಸಗಾರರೆಲ್ಲ ಕೆಳಗಿಳಿದದ್ದನ್ನು ಖಚಿತಪಡಿಸಿಕೊಂಡು, ಇಂತಹ ದಿನದಿಂದ ತಂತಿಯಲ್ಲಿ ವಿದ್ಯುತ್ತು ಇರುವುದೆಂದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತಾರೆ. ಬಳಿಕವೇ ತುಂಡು ತುಂಡಾಗಿ ಹಾದಿಗೆ ಜೀವ ಬರುತ್ತದೆ.

ಹಳಿಯ ಬದಿಯಲ್ಲಿ ಬಾಳುವವರು ಅರಿತಿರಬೇಕಾದದ್ದು ಇಲ್ಲಿಂದ ಮುಂದಿನದು. ನಮ್ಮ ಮನೆಯ ವಿದ್ಯುತ್ತು 230 ವೋಲ್ಟು. ಹಳಿಯ ಮೇಲಿನದು ಅದರ ನೂರು ಪಟ್ಟಿಗಿಂತಲೂ ಹೆಚ್ಚು. ಮನೆಯ ತಂತಿಯನ್ನು ಮುಟ್ಟಿದರೆ ಅಪಾಯ. ಈ ತಂತಿಯನ್ನು ಮುಟ್ಟಬೇಕೆಂದೇ ಇಲ್ಲ, ತೀರ ಹತ್ತಿರ ಹೋದರೂ ಸಾಕು, ವಿದ್ಯುತ್ತು ಗಾಳಿಯ ಮೂಲಕ ಹಾರಿ ಬರಬಲ್ಲುದು. ಆದುದರಿಂದಲೇ ಎರಡು ಮೀಟರು ದೂರವಿರಬೇಕೆಂಬ ನಿಯಮ. ಈ ದೂರ ನಮ್ಮ ಮೈಗೆ ಮಾತ್ರವಲ್ಲ, ನಮ್ಮ ಕೈಯಲ್ಲಿರುವ ವಸ್ತುವಿಗೂ ಅನ್ವಯಿಸುತ್ತದೆ.

ನಮ್ಮಲ್ಲಿ ಕೈಯಲ್ಲಿರುವ ವಸ್ತುವೆಂದರೆ ದೋಟಿ. ತಂತಿ ಇರುವುದು ಹಳಿಯಿಂದ ಸುಮಾರು ಐದೂವರೆ ಮೀಟರು ಎತ್ತರದಲ್ಲಿ. ಅಡಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿಯನ್ನು ನೆಟ್ಟಗೆ ಹಿಡಿದು ಹಳಿ ದಾಟಿದರೆ ಅದು ಸಲೀಸಾಗಿ ತಂತಿಗೆ ಮುಟ್ಟೀತು. ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಎಳೆಯಲು ಹೋಗದೆ ಸ್ಟೇಷನ್ನಿಗೆ ತಿಳಿಸಬೇಕು. ನಿಂತ ಗೂಡ್ಸ್ ಗಾಡಿಯ ಮೇಲೇರಿ ಫೋಟೋ ತೆಗೆಯುವ ಹುಡುಗಾಟ ಸಾವಿಗೆ ಆಹ್ವಾನ.

ಎರಡು ತಪ್ಪು ತಿಳಿವಳಿಕೆಗಳು ಹೋಗಬೇಕು. ತಂತಿಯ ಮೇಲೆ ಕಾಗೆ ಕುಳಿತಿದೆಯೆಂದರೆ ವಿದ್ಯುತ್ತು ಇಲ್ಲವೆಂದಲ್ಲ. ಕಾಗೆ ನೆಲವನ್ನಾಗಲಿ ಕಂಬವನ್ನಾಗಲಿ ಮುಟ್ಟುತ್ತಿಲ್ಲ, ಆದ್ದರಿಂದ ಬದುಕಿದೆ. ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟು ಹೋಯಿತೆಂದು ರೈಲಿನ ತಂತಿಯದೂ ಹೋಗುವುದಿಲ್ಲ. ಅದಕ್ಕೆ ಬೇರೆಯೇ ದಾರಿಯಿದೆ.

ಅಪಾಯದ ಫಲಕ ಓದಲು ಬಾರದವರಿಗೆ ಬರಿಯ ಬಣ್ಣದ ತಗಡು. ನಮ್ಮ ಮನೆಗಳಲ್ಲಿ ಕನ್ನಡವನ್ನು ಮಾತ್ರ ಓದಬಲ್ಲ ಹಿರಿಯರಿದ್ದಾರೆ. ಗಡಿನಾಡಿನಲ್ಲಿ ಇಂತಹ ಸೂಚನೆಗಳು ಕನ್ನಡದಲ್ಲಿಯೂ ಇರಲೆಂದು ಕೇಳುವಾಗ, ಭಾಷಾಭಿಮಾನಕ್ಕಿಂತ ಮೊದಲು ಅದು ಜೀವದ ಪ್ರಶ್ನೆ. ಇಲ್ಲದ ಕಡೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಅಜ್ಜ ಅಜ್ಜಿಯರಿಗೆ ಓದಿ ಹೇಳಬೇಕು.

ಮುಂಬಯಿಯ ಗಾಡಿ ಈಗ ಹೊಗೆಯಿಲ್ಲದೆ ಓಡುತ್ತದೆ, ಸಂತೋಷದ ಸಂಗತಿಯೇ. ತೋಟಕ್ಕೆ ಹೋಗುವವರು ಮಾತ್ರ, ಹಳಿ ದಾಟುವಾಗ, ದೋಟಿಯನ್ನು ನೆಲಕ್ಕೆ ಸಮನಾಗಿ ಕೆಳಗೆ ಹಿಡಿದೇ ದಾಟಲಿ.