ನಿಮಗಿದು ಗೊತ್ತೆ? ವಿಕಿರಣಕ್ಕೆ ಕಿಮೋ ಜೊತೆಯಾದರೆ...

ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದರೆ ವಿಕಿರಣದ ಜೊತೆ ಕಿಮೋಥೆರಪಿಯನ್ನೂ ಕೊಡುವುದುಂಟು.

● ‘ಪೋರ್ಟೆಕ್–3’ ಅಧ್ಯಯನದಲ್ಲಿ ಇಂಥ 660 ಮಹಿಳೆಯರಿದ್ದರು. 5 ವರ್ಷಗಳ ಬಳಿಕ ಬದುಕುಳಿದವರು: ವಿಕಿರಣವಷ್ಟೇ ಪಡೆದವರಲ್ಲಿ ಶೇ 76, ಎರಡನ್ನೂ ಪಡೆದವರಲ್ಲಿ ಶೇ 81.

● ಅಲ್ಲಿನ ಕ್ರಮ: 27 ಬಾರಿ ವಿಕಿರಣ, ಅದರ ನಡುವೆಯೇ 1 ಮತ್ತು 4ನೇ ವಾರ ಸಿಸ್‌ಪ್ಲಾಟಿನ್ ಡ್ರಿಪ್. ಆಮೇಲೆ 3 ವಾರಕ್ಕೊಮ್ಮೆಯಂತೆ 4 ಸಲ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್.

● ಅಡ್ಡಪರಿಣಾಮವೂ ಹೆಚ್ಚು. ಕೈ–ಕಾಲು ಬೆರಳುಗಳ ಜೋಮು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

● ಹುಬ್ಬಳ್ಳಿ–ಧಾರವಾಡ ನಡುವಿನ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ, ಕಿಮೋ ಎರಡೂ ಲಭ್ಯ.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಈ ಕ್ಯಾನ್ಸರ್‌ನ ಸೂಚನೆ ಇರಬಹುದು; ಸಂಕೋಚಪಡದೆ ವೈದ್ಯರಿಗೆ ತೋರಿಸಿ.